ಮಸುಕು ಬಣ್ಣದ ಫೋಲ್ಡರು

ವಿಜಯನಗರದ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ, ದರ್ಶಿನಿಗೆ ಅಂಟಿಕೊಂಡ ಮಳಿಗೆಯಲ್ಲಿ ಸೇತು ಗ್ರಾಫಿಕ್ಸ್ ಅಂತ ಒಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾಗದ, ಸಂಘದ ಕರಪತ್ರ, ಏನೇ ಇರಲಿ, ಕನ್ನಡದಲ್ಲಿ ತಪ್ಪಿಲ್ಲದೆ ಅಚ್ಚುಕಟ್ಟಾಗಿ ಬರಬೇಕು ಅನ್ನುವವರು ಅಲ್ಲಿಗೆ ಬರುತ್ತಿದ್ದರು. ಆದರೆ ಬರುವವರು ಯಾರೂ ಸೇತು ಗ್ರಾಫಿಕ್ಸಿಗೆ ಹೋಗುತ್ತೇವೆ ಅನ್ನುತ್ತಿರಲಿಲ್ಲ. ‘ರಾಗಿಣಿ ಮೇಡಂ ಹತ್ರ ಹೋಗ್ಬರ್ತೀವಿ’ ಅನ್ನುತ್ತಿದ್ದರು. ಮಾಲೀಕ ಸೇತುರಾಮ ಅವರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ರಾಗಿಣಿಗಂತೂ ಆ ಒಂದು ಮಾತೇ ಊಟ, ಅದೇ ನಿದ್ದೆ.

ಅಂಗಡಿಯಲ್ಲಿದ್ದದ್ದು ಎರಡು ಕಂಪ್ಯೂಟರು. ಒಂದು ಒಳಗೆ, ಗೋಡೆಗೆ ಮುಖ ಮಾಡಿಕೊಂಡು. ಇನ್ನೊಂದು ಬಾಗಿಲ ಪಕ್ಕದಲ್ಲಿ, ದೊಡ್ಡ ಮಾನಿಟರಿನದು. ಅದರ ಪಕ್ಕಕ್ಕೆ ಒಂದು ಸ್ಟೂಲು. ಮಗಳ ಮದುವೆ ಮಾಡುವ ಅಪ್ಪ ಆ ಸ್ಟೂಲಿನ ಮೇಲೆ ಕೂತು, ಪರದೆಯ ಮೇಲೆ ಮಗಳ ಹೆಸರು ಮೂಡುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾನೆ. ‘ಹೆಸರು ಸ್ವಲ್ಪ ದಪ್ಪ ಬರ್ಲಿ ಮೇಡಂ’ ಅನ್ನುತ್ತಾನೆ. ‘ನಮ್ ತಂದೆಯವ್ರನ್ನ ಮೇಲಕ್ಕೆ ಹಾಕಿ, ಇಲ್ಲಾಂದ್ರೆ ಮನೇಲಿ ರಾದ್ಧಾಂತ ಆಗತ್ತೆ’ ಅನ್ನುತ್ತಾನೆ. ರಾಗಿಣಿ ಮೇಲಕ್ಕೆ ಹಾಕುತ್ತಾಳೆ, ದಪ್ಪ ಮಾಡುತ್ತಾಳೆ, ಆ ಅಪ್ಪನ ಮುಖ ಅರಳುತ್ತದೆ. ಬಾಗಿಲ ಮೆಷಿನ್ನಿನ ಕುರ್ಚಿಯಲ್ಲಿ ಕೂತವಳಿಗೇ ಆ ಅರಳಿದ ಮುಖ ಸಿಗುವುದು. ಒಳಗಿನ ಮೆಷಿನ್ನಿನ ಮುಂದೆ ಕೂತವಳಿಗೆ ಗೋಡೆ ಸಿಗುತ್ತದೆ, ಅಷ್ಟೇ.

ರಾಗಿಣಿ ಆ ಕುರ್ಚಿಗೆ ಸುಮ್ಮನೆ ಬಂದವಳಲ್ಲ. ಹುಟ್ಟಿದ್ದು ಬಿನ್ನಿಪೇಟೆಯಲ್ಲಿ, ಮಿಲ್ಲಿನ ಕೂಲಿಕಾರನ ಮಗಳಾಗಿ. ಹತ್ತನೇ ಕ್ಲಾಸು ಮುಗಿದ ಮೇಲೆ ಪಕ್ಕದ ಬೀದಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಸೇರಿದಳು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡ ಹಾಗೆ ತಲೆಕೆಳಗಾಗಿ ಸಾಲು ಕಟ್ಟುವ ಕೆಲಸ. ಅಲ್ಲಿ ಒತ್ತಕ್ಷರಗಳಿಗೆ ಯಾವಾಗಲೂ ಬರ. ಮೂಲೆ ಮುರಿಯದ, ಸವೆಯದ ಒತ್ತು ಸಿಕ್ಕರೆ ಪ್ರತಿಯೊಬ್ಬ ಕಂಪೋಸಿಟರೂ ಅದನ್ನು ತನ್ನ ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿಯುತ್ತಿದ್ದ. ಪಕ್ಕದವನು ಬೇಡಿದರೂ ಕೊಡುತ್ತಿರಲಿಲ್ಲ. ರಾಗಿಣಿಗೂ ಅಂಥದೊಂದು ಡಬ್ಬಿ ಇತ್ತು, ಮದುವೆಯಾದ ಮೇಲೆ ಅದರ ಬೀಗದ ಕೈ ತಾಳಿ ಸರದ ಜೊತೆಗೇ ತೂಗುತ್ತಿತ್ತು. ಆಮೇಲೆ ಅಚ್ಚುಕೂಟ ಮುಚ್ಚಿತು, ಮೊಳೆಗಳೆಲ್ಲ ತೂಕಕ್ಕೆ ಹೋದವು, ಅವಳು ಕಂಪ್ಯೂಟರು ಕಲಿತು ಸೇತುರಾಮ ಅವರಲ್ಲಿಗೆ ಬಂದಳು. ಆದರೆ ಕೆಲಸಗಾರರು ಇರುವ ಕಡೆ ಬೀಗ ಇದ್ದರೆ, ಅದನ್ನು ಹಾಕಿದವರೊಬ್ಬರು ಇದ್ದೇ ಇರುತ್ತಾರೆ ಅನ್ನುವ ಬುದ್ಧಿ ಮಾತ್ರ ಅಚ್ಚುಕೂಟದಿಂದಲೇ ಅವಳ ಜೊತೆ ಬಂತು.

ಎರಡು ಸಾವಿರದ ಆರರ ಸಂಕ್ರಾಂತಿ ಕಳೆದ ಮೇಲೆ ಚೇತನಾ ಬಂದಳು. ಗದಗಿನ ಕಡೆಯ ಹುಡುಗಿ. ನಂದಿನಿ ಲೇಔಟಿನಲ್ಲಿ ತಾಯಿ ಮುತ್ತವ್ವನ ಜೊತೆ ಒಂದು ಕೋಣೆಯ ಮನೆ. ತಾಯಿ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುತ್ತಿದ್ದಳು. ಮದುವೆ ಸೀಸನ್ನಿಗೆ ಒಬ್ಬಳು ಜೊತೆಗಿರಲಿ ಅಂತ ಸೇತುರಾಮ ಅವಳನ್ನು ಒಳಗಿನ ಮೆಷಿನ್ನಿಗೆ ಕೂರಿಸಿದರು. ರಾಗಿಣಿ ಮೊದಲ ದಿನ ದೊಡ್ಡ ಮನಸ್ಸು ಮಾಡಿ, ‘ಏನ್ ಬೇಕಾದ್ರೂ ಕೇಳಮ್ಮಾ, ಸಂಕೋಚ ಪಟ್ಕೋಬೇಡ’ ಅಂದಳು. ಆ ಹುಡುಗಿಗೆ ಕೇಳುವಂಥದ್ದು ಏನೂ ಇರಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಉರಿ.

ಅಯ್ಯೋ, ಆ ಹುಡುಗಿಯ ಕೈ! ರಾಗಿಣಿ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಒಂದು ಲಗ್ನಪತ್ರಿಕೆಯ ಮುಖಪುಟ ಮುಗಿಸಿರುತ್ತಿದ್ದಳು. ಮೌಸನ್ನು ಮುಟ್ಟುತ್ತಲೇ ಇರಲಿಲ್ಲ, ಎಲ್ಲ ಕೀಬೋರ್ಡಿನಲ್ಲೇ, ಅದೂ ಮಾತಾಡುತ್ತ ಮಾತಾಡುತ್ತ. ಮಾತೋ, ಉತ್ತರ ಕರ್ನಾಟಕದ ಮಾತು. ‘ಬರ್ರೀ ಕಾಕಾ, ಕುಂದರ್ರಿ, ನಿಮ್ಮದ ಮಾಡಾಕತ್ತೀನಿ’ ಅಂತ. ನಂದಿನಿ ಲೇಔಟಿನಿಂದ, ಕೆಂಗೇರಿಯಿಂದ, ಬಾಗಲಕೋಟೆ, ಬಿಜಾಪುರದ ಕಡೆಯವರೆಲ್ಲ ಅವಳ ಮಾತು ಕೇಳುವುದಕ್ಕೇ ಬಂದವರ ಹಾಗೆ ಬಂದು ಕೂರತೊಡಗಿದರು. ಅವರಷ್ಟೇ ಆಗಿದ್ದರೆ ರಾಗಿಣಿ ನುಂಗಿಕೊಳ್ಳುತ್ತಿದ್ದಳು. ಒಂದು ದಿನ ಚಂದ್ರಾ ಲೇಔಟಿನ ಅವಳ ಹಳೆಯ ಗಿರಾಕಿ, ಇಬ್ಬರು ಹೆಣ್ಣುಮಕ್ಕಳ ಮದುವೆಯ ಕಾಗದವನ್ನೂ ಇವಳ ಕೈಯಲ್ಲೇ ಮಾಡಿಸಿದ ರಾಮಯ್ಯ ಮೇಷ್ಟ್ರು, ಸ್ಟೂಲಿನಿಂದ ಎದ್ದು ಒಳಗೆ ಇಣುಕಿ, ‘ನಿಮಗೆ ತುಂಬಾ ಕೆಲ್ಸ ಇದ್ರೆ ಆ ಹುಡುಗೀನೇ ಮಾಡ್ಲಿ ಬಿಡಿ ಮೇಡಂ’ ಅಂದರು. ರಾಗಿಣಿಗೆ ತುಂಬಾ ಕೆಲಸ ಇರಲಿಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು.

ಆ ರಾತ್ರಿ ಅನ್ನ ಸೇರಲಿಲ್ಲ ಅವಳಿಗೆ. ಗಂಡ ಕೇಳಿದ್ದಕ್ಕೆ ‘ತಲೆನೋವು’ ಅಂದಳು. ತಲೆನೋವಲ್ಲ ಅದು, ಹೊಟ್ಟೆಕಿಚ್ಚು, ಅಪ್ಪಟ ಹೊಟ್ಟೆಕಿಚ್ಚು. ನಿನ್ನೆ ಮೊನ್ನೆ ಬಂದವಳು, ಮೊಳೆ ಹೇಗಿರುತ್ತದೆ ಅಂತ ಕಣ್ಣಾರೆ ಕಂಡವಳಲ್ಲ, ಸೀಸದ ಮಸಿ ಉಗುರಿಗೆ ಹತ್ತಿಸಿಕೊಂಡವಳಲ್ಲ, ಇವಳಿಗೆ ನನ್ನ ಸ್ಟೂಲಿನ ಜನ ಬೇಕಂತೆ! ಚೇತನಾ ಏನಾದರೂ ಸೊಕ್ಕಿನವಳಾಗಿದ್ದರೆ ಜಗಳ ಆಡಿ ಹಗುರಾಗಬಹುದಿತ್ತು. ಹಾಳಾದವಳು ಬಾಯಿ ತೆರೆದರೆ ‘ಅಕ್ಕಾರ’. ತಾಯಿ ಮಾಡಿದ ಶೇಂಗಾ ಹೋಳಿಗೆ ತಂದು ಮೊದಲು ಇವಳ ಡಬ್ಬಿಗೆ ಹಾಕುತ್ತಿದ್ದಳು. ಅದನ್ನು ತಿನ್ನುವಾಗಲೂ ರಾಗಿಣಿಗೆ ಸಿಟ್ಟು, ಯಾಕೆಂದರೆ ಹೋಳಿಗೆ ಚೆನ್ನಾಗಿರುತ್ತಿತ್ತು.

ಯುಗಾದಿ ಕಳೆಯಿತು, ಮದುವೆಗಳ ನೂಕುನುಗ್ಗಲು ಶುರುವಾಯಿತು. ಸೇತುರಾಮ ಒಂದು ಬೆಳಗ್ಗೆ ಗಂಟಲು ಸರಿ ಮಾಡಿಕೊಂಡು, ‘ಮೇಡಂ, ಮಧ್ಯಾಹ್ನದ ಮೇಲೆ ಚೇತನಾ ಬಾಗಿಲ ಮೆಷಿನ್ ನೋಡ್ಕೊಳ್ಲಿ. ನೀವು ಒಳಗೆ ಪ್ರೂಫ್ ನೋಡಿ. ಕನ್ನಡ ತಿದ್ದೋಕೆ ನಿಮ್ಮಂಥೋರು ಯಾರಿದಾರೆ?’ ಅಂದರು. ಸಿಹಿ ಸವರಿದರೆ ಗುಳಿಗೆಯ ಕಹಿ ಹೋಗುತ್ತದೆಯೇ? ರಾಗಿಣಿ ‘ಆಗ್ಲಿ ಸಾರ್’ ಅಂದಳು. ಮಧ್ಯಾಹ್ನವೆಲ್ಲ ಗೋಡೆ ನೋಡುತ್ತ ಪ್ರೂಫ್ ತಿದ್ದಿದಳು. ಬೆನ್ನ ಹಿಂದೆ ಸ್ಟೂಲಿನ ಮೇಲೆ ಯಾರೋ ನಗುವುದು, ಚೇತನಾ ಏನೋ ಅನ್ನುವುದು, ಮತ್ತೆ ನಗು. ಅವಳ ಬೆನ್ನಿಗೆ ಯಾರೋ ಕೆಂಡ ಇಟ್ಟ ಹಾಗಾಗುತ್ತಿತ್ತು.

ಇಂಥ ಹೊತ್ತಿನಲ್ಲೇ ಬಾಗಿಲ ಮೆಷಿನ್ನು ತಕರಾರು ತೆಗೆಯಿತು. ಪರದೆಯ ಮೂಲೆಯಲ್ಲಿ ಹಳದಿ ಚೀಟಿಯೊಂದು ಪಟಕ್ಕನೆ ಎದ್ದು, ಡಿಸ್ಕಿನಲ್ಲಿ ಜಾಗ ಇಲ್ಲ ಅನ್ನತೊಡಗಿತು. ಹಳೆಯ ಫೈಲುಗಳನ್ನು ಸಿಡಿಗೆ ಹಾಕಿ ಅಳಿಸಿದರು. ನಾಲ್ಕು ದಿನ ಸುಮ್ಮನಿದ್ದು ಮತ್ತೆ ಅದೇ ಚೀಟಿ. ಒಂದು ಸಂಜೆ, ಕನಕಪುರ ರಸ್ತೆಯ ದೊಡ್ಡ ಮದುವೆಯೊಂದರ ಕಾಗದ ಅರ್ಧ ಆಗಿದ್ದಾಗ ಫೈಲು ಸೇವೇ ಆಗಲಿಲ್ಲ, ಮಾಡಿದ್ದೆಲ್ಲ ಹೋಯಿತು. ಗಿರಾಕಿ ಕೂಗಾಡಿದ. ಸೇತುರಾಮ ತಲೆ ಮೇಲೆ ಕೈ ಹೊತ್ತು ಕೂತರು. ಕಂಪ್ಯೂಟರು ಜೋಡಿಸಿಕೊಟ್ಟಿದ್ದ ಮುತ್ತುರಾಜನಿಗೆ ಫೋನು ಮಾಡಿದರೆ ಅವನು ತಂಗಿಯ ಮದುವೆಗೆ ಊರಿಗೆ ಹೋಗಿದ್ದ.

‘ನಾವು ಹಾಕೋದಕ್ಕಿಂತ ಜಾಸ್ತಿ ಅಳಿಸ್ತಾ ಇದೀವಿ. ಆದ್ರೂ ಜಾಗ ಎಲ್ಲಿ ಹೋಗ್ತಿದೆ ರೀ?’ ಅಂದರು ಸೇತುರಾಮ.

‘ಯಾರಾದ್ರೂ ತುಂಬಿಸ್ತಾ ಇದ್ರೆ ಹೋಗತ್ತೆ ಸಾರ್’ ಅಂದಳು ರಾಗಿಣಿ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಅಂಗಡಿಯಲ್ಲಿ ಇದ್ದವರೇ ಮೂವರು.

ಪೇಪರಿನ ಕಂಪ್ಯೂಟರ್ ಅಂಕಣದಲ್ಲಿ ಅವಳು ಒಮ್ಮೆ ಓದಿದ್ದಳು, ಫೋಲ್ಡರುಗಳನ್ನು ಕಣ್ಣಿಗೆ ಕಾಣದ ಹಾಗೆ ಬಚ್ಚಿಡಬಹುದು, ಬಚ್ಚಿಟ್ಟದ್ದನ್ನು ಕಾಣುವ ಹಾಗೂ ಮಾಡಬಹುದು ಅಂತ. ಮರುದಿನ ಎಲ್ಲರಿಗಿಂತ ಮುಂಚೆ ಬಂದಳು. ದೇವರ ಪಟಕ್ಕೆ ಊದುಬತ್ತಿ ಹಚ್ಚಿದಳು. ಆಮೇಲೆ ಆ ಅಂಕಣದಲ್ಲಿ ಹೇಳಿದ್ದ ಟಿಕ್ಕುಗಳನ್ನೆಲ್ಲ ತೆಗೆದು ಹಾಕಿದಳು. ಇದನ್ನು ಮುಟ್ಟಬೇಡಿ ಅಂತ ಮೆಷಿನ್ನು ಎಚ್ಚರಿಸಿತು. ಅವಳು ‘ಯೆಸ್’ ಒತ್ತಿದಳು. ಡ್ರೈವು ತೆರೆದರೆ, ಅಬ್ಬಾ, ನಿನ್ನೆ ಇಲ್ಲದ ಫೋಲ್ಡರುಗಳು! ಎಲ್ಲವೂ ಮಸುಕು ಬಣ್ಣ. ಅದರಲ್ಲಿ ಒಂದರ ಹೆಸರು ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಶನ್. ಅದರ ಮೇಲೆ ಒತ್ತಿದಳು. ಒಳಗೆ ಬಿಡುವುದಿಲ್ಲ, ನಿಮಗೆ ಅನುಮತಿ ಇಲ್ಲ ಅಂದಿತು.

ಬೀಗ!

ರಾಗಿಣಿ ಇನ್ನೊಮ್ಮೆ ಒತ್ತಿದಳು, ಮತ್ತೆ ಅದೇ ಮಾತು. ತನ್ನ ಮೆಷಿನ್ನಿನಲ್ಲಿ, ತಾನು ವರ್ಷಾನುಗಟ್ಟಲೆ ಕೂತ ಜಾಗದಲ್ಲಿ, ತನಗೇ ಪ್ರವೇಶ ಇಲ್ಲದ ಕೋಣೆ. ತಾನಂತೂ ಬೀಗ ಹಾಕಿಲ್ಲ. ಸಾರ್‌ಗೆ ಕಂಪ್ಯೂಟರು ಆಫ್ ಮಾಡಲು ಬಂದರೆ ಹೆಚ್ಚು. ಇನ್ನು ಉಳಿದವಳು ಯಾರು? ಒಳಗೆ ಏನಿರಬಹುದು ಅನ್ನುವುದಕ್ಕೂ ಅವಳು ತಡಕಾಡಲಿಲ್ಲ. ತನ್ನ ಬಾರ್ಡರುಗಳು, ತಾನು ಕೂಡಿಟ್ಟ ಮಂಟಪದ ಚಿತ್ರಗಳು, ವರ್ಷಗಳ ಲಗ್ನಪತ್ರಿಕೆಗಳು. ಎಲ್ಲವನ್ನೂ ಕಾಪಿ ಮಾಡಿ ಡಬ್ಬಿಗೆ ಹಾಕಿಕೊಂಡಿದ್ದಾಳೆ, ನಾಳೆ ಸ್ವಂತ ಅಂಗಡಿ ತೆಗೆಯುತ್ತಾಳೆ. ರಾಗಿಣಿಗೆ ಸಿಟ್ಟು ಬಂತು ಅಂದರೆ ಅರ್ಧ ಸತ್ಯ. ಒಳಗೊಳಗೇ ಖುಷಿಯಾಯಿತು. ಹೋಳಿಗೆ ಹಾಕುವ ಹುಡುಗಿಯ ಮೇಲೆ ಉರಿಯಲು ಕೊನೆಗೂ ಅವಳಿಗೆ ಒಂದು ಕಾರಣ ಸಿಕ್ಕಿತ್ತು.

ಸೇತುರಾಮ ಬಂದ ಕೂಡಲೇ ತೋರಿಸಿದಳು. ಅವರು ಒತ್ತಿದರು, ಅವರಿಗೂ ಬಿಡಲಿಲ್ಲ. ಮಾಲೀಕನಿಗೇ ಬಿಡಲಿಲ್ಲ ಅಂದಮೇಲೆ ಕೇಳಬೇಕೇ? ಅವರ ಮುಖ ಕೆಂಪಾಯಿತು.

ಚೇತನಾ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ‘ಏನಮ್ಮಾ ಇದು? ಇದಕ್ಕೆ ಲಾಕ್ ಹಾಕಿದ್ಯಾರು?’ ಅಂದರು ಸೇತುರಾಮ.

‘ನನಗ ಗೊತ್ತಿಲ್ರಿ ಸಾರ್. ನಾ ಏನೂ ಇಟ್ಟಿಲ್ರಿ. ಇಂಥಾದ್ದ ಐತಿ ಅಂತನೂ ಗೊತ್ತಿದ್ದಿಲ್ಲ.’

‘ಹಾಗಾದ್ರೆ ತಾನಾಗೇ ಬಂದು ಕೂತ್ಕೊಂಡು ತಾನೇ ಬಾಗಿಲು ಹಾಕ್ಕೊಳ್ತಾ?’ ಇದು ರಾಗಿಣಿ ಕೇಳಿದ್ದು.

ಚೇತನಾ ಅವಳ ಕಡೆ ತಿರುಗಿದಳು. ‘ಅಕ್ಕಾರ, ಅವ್ವನ ಆಣಿ ಮಾಡಿ ಹೇಳ್ತೀನ್ರಿ. ನಿಮ್ಮದು ಒಂದ ಫೈಲ್ ಸೈತ ಕೇಳದ ಮುಟ್ಟಿಲ್ಲ ನಾ. ಮುತ್ತುರಾಜಣ್ಣಾರು ಬರೋತನಕ ತಡೀರಿ, ಅವ್ರು ನೋಡಿ ಹೇಳ್ಲಿ.’

ತಡೆಯಬಹುದಿತ್ತು. ರಾಗಿಣಿ ಒಂದು ಮಾತು ಅಂದಿದ್ದರೆ ಸೇತುರಾಮ ತಡೆಯುತ್ತಿದ್ದರು. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ ನಿಂತಳು. ಹುಡುಗಿ ಅಳುತ್ತ ನೀರಿನ ಬಾಟಲು, ಊಟದ ಡಬ್ಬಿ ತೆಗೆದುಕೊಂಡು ಹೋದಳು. ಅವಳು ಕೆಲಸಕ್ಕೆಂದು ಮಾಡಿಕೊಂಡಿದ್ದ, ಚೇತನಾ ಅಂತ ಹೆಸರಿದ್ದ ಫೋಲ್ಡರನ್ನು ಅಳಿಸಿದರು. ಗಿರಾಕಿಗಳ ಫೋಟೋಗಳೆಲ್ಲ ಅದರಲ್ಲಿದ್ದುದರಿಂದ ಒಂದಷ್ಟು ಜಾಗ ಬಂತು, ಹಳದಿ ಚೀಟಿ ನಿಂತಿತು. ‘ನೋಡಿದ್ರಾ ಮೇಡಂ, ಹೋದ್ಲು, ಸರಿ ಹೋಯ್ತು’ ಅಂದರು ಸೇತುರಾಮ. ಮಧ್ಯಾಹ್ನ ರಾಗಿಣಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಎರಡು ಕಾಫಿ ಕುಡಿದಳು. ಅಷ್ಟು ಹಿತವಾದ ಕಾಫಿ ಅವಳು ಎಂದೂ ಕುಡಿದಿರಲಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿ ಖಾಲಿ. ಸೇತುರಾಮ ಮಂತ್ರಾಲಯಕ್ಕೆ ಹೋಗಿದ್ದರು. ಆ ಖಾಲಿ ಅಂಗಡಿಯಲ್ಲಿ, ಯಾರೂ ಏನೂ ತುಂಬಿಸದ ಮೆಷಿನ್ನಿನಲ್ಲಿ, ಹಳದಿ ಚೀಟಿ ಮತ್ತೆ ಪಟಕ್ಕನೆ ಎದ್ದಿತು. ರಾಗಿಣಿ ಬೆಚ್ಚಿಬಿದ್ದಳು. ಮುತ್ತುರಾಜನನ್ನು ಕರೆಸಿದಳು.

ಅವನು ಬಂದ, ಮಸುಕು ಫೋಲ್ಡರು ನೋಡಿದ, ನಕ್ಕ. ‘ಅಯ್ಯೋ, ಇದಾ ಮೇಡಂ! ಇದು ಎಲ್ಲಾ ಎಕ್ಸ್‌ಪಿ ಮೆಷಿನ್ನಲ್ಲೂ ಇರತ್ತೆ. ನಾಳೆ ಏನಾದ್ರೂ ಕೆಟ್ಟುಹೋದ್ರೆ ಹಿಂದಿನ ದಿನಕ್ಕೆ ವಾಪಸ್ ಹೋಗೋಕೆ ಅಂತ, ಕಂಪ್ಯೂಟ್ರು ತನ್ನದೇ ಕಾಪಿ ಮಾಡಿ ಮಾಡಿ ಇಟ್ಕೊಳ್ಳತ್ತೆ. ಹೊಸ ಪ್ರಿಂಟರ್ ಹಾಕಿದ್ರೆ ಒಂದು, ಹೊಸ ಫಾಂಟ್ ಪ್ಯಾಕೇಜ್ ಹಾಕಿದ್ರೆ ಒಂದು, ಏನೂ ಹಾಕದಿದ್ರೂ ದಿನಕ್ಕೊಂದು. ನಿಮ್ದು ಚಿಕ್ಕ ಡಿಸ್ಕು, ಅದಕ್ಕೇ ಬೇಗ ತುಂಬ್ಕೊಳ್ತು.’

‘ಮತ್ತೆ ಬೀಗ? ಅದನ್ನ ಯಾರು ಹಾಕಿದ್ದು?’

‘ಯಾರೂ ಇಲ್ಲ. ಜನ ಕೈ ಹಾಕಿ ಕೆಡಿಸ್ಬಾರ್ದು ಅಂತ ಮೊದಲಿಂದಾನೇ ಹಾಗೇ ಬರತ್ತೆ.’

ರಾಗಿಣಿ ಸ್ಟೂಲಿನ ಮೇಲೆ ಕೂತಳು. ಮುತ್ತುರಾಜ ಅವಳ ಮುಖ ನೋಡದೆ ದಾರಿ ತೋರಿಸುತ್ತ ಹೋದ. ಡಿಸ್ಕ್ ಕ್ಲೀನಪ್‌ಗೆ ಹೋಗಬೇಕು, ಮೋರ್ ಆಪ್ಷನ್ಸ್ ತೆಗೆಯಬೇಕು, ಅಲ್ಲಿ ಕೆಳಗೊಂದು ಗುಂಡಿ. ಒತ್ತಿದರೆ ಕೊನೆಯ ಕಾಪಿಯೊಂದನ್ನು ಉಳಿಸಿ ಹಳೆಯದನ್ನೆಲ್ಲ ಅಳಿಸುತ್ತದೆ. ‘ಪೂರ್ತಿ ಆಫ್ ಮಾಡ್ಬೇಡಿ. ಆಮೇಲೆ ಮೆಷಿನ್ ಕೈಕೊಟ್ರೆ ಹಿಂದಕ್ಕೆ ಹೋಗೋಕೆ ದಾರಿ ಇರಲ್ಲ. ಆಗಾಗ ಹೀಗೆ ಗುಡಿಸಿ ಸಾಕು. ಸಾರ್‌ಗೆ ನಾನು ಫೋನ್ ಮಾಡಿ ಹೇಳ್ಲಾ?’

‘ಬೇಡಪ್ಪ, ನಾನೇ ಹೇಳ್ತೀನಿ’ ಅಂದಳು ರಾಗಿಣಿ.

ಹೇಳಲಿಲ್ಲ. ಅವತ್ತು ಹೇಳೋಣ ಅಂದುಕೊಂಡಳು, ಸೇತುರಾಮ ಮಂತ್ರಾಲಯದ ಪ್ರಸಾದ ಕೊಟ್ಟು ‘ನೀವಿದ್ದೀರಿ ಅಂತ ನಿಶ್ಚಿಂತೆಯಾಗಿ ಹೋಗ್ಬಂದೆ’ ಅಂದುಬಿಟ್ಟರು. ಮಾರನೆಯ ದಿನ ಹೇಳೋಣ ಅಂದುಕೊಂಡಳು, ರಾಮಯ್ಯ ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕೂತುಬಿಟ್ಟರು. ಹೇಳಿದರೆ ಏನಾಗುತ್ತದೆ ಅಂತ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸಾರ್ ಕೈ ಹಿಸುಕಿಕೊಳ್ಳುತ್ತಾರೆ, ಹುಡುಗಿಯನ್ನು ಕರೆಸುತ್ತಾರೆ, ಕಳಿಸಿದ ತಪ್ಪಿಗೆ ಮೆರೆಸುತ್ತಾರೆ. ಬಾಗಿಲ ಮೆಷಿನ್ನು ಬೆಳಗ್ಗಿನಿಂದ ಸಂಜೆಯವರೆಗೂ ಅವಳದಾಗುತ್ತದೆ. ತನಗೆ ಗೋಡೆ. ಬೆನ್ನ ಹಿಂದಿನ ಆ ನಗು ನೆನಪಾದರೆ ಸಾಕು, ತುದಿನಾಲಗೆಗೆ ಬಂದ ಮಾತು ವಾಪಸು ಹೋಗುತ್ತಿತ್ತು.

ಹಾಗಂತ ಸುಮ್ಮನಿರುವ ಹಾಗೂ ಇರಲಿಲ್ಲ. ಚೀಟಿ ಮತ್ತೆ ಎದ್ದರೆ ಸಾರ್ ನೋಡುತ್ತಾರೆ, ಹುಡುಗಿ ಹೋದ ಮೇಲೂ ತುಂಬುತ್ತಿದೆಯಲ್ಲ ಅನ್ನುತ್ತಾರೆ. ಅದಕ್ಕೇ ಶನಿವಾರ ಸಂಜೆ ಸೇತುರಾಮ ಆಂಜನೇಯನ ಗುಡಿಗೆ ಹೋದ ಹೊತ್ತು ನೋಡಿ ಅವಳು ಆ ಮಸುಕು ಫೋಲ್ಡರನ್ನು ಗುಡಿಸುತ್ತಿದ್ದಳು. ವಾರ ವಾರವೂ. ಮೊದಮೊದಲು ಮುತ್ತುರಾಜ ಹೇಳಿದ್ದನ್ನು ನೆನಪು ಮಾಡಿಕೊಂಡು ತಡವರಿಸುತ್ತಿದ್ದಳು. ಆಮೇಲೆ ಕೈಗೇ ಗೊತ್ತಾಯಿತು, ಕಣ್ಣು ಬಾಗಿಲ ಕಡೆ ಇಟ್ಟುಕೊಂಡೇ ಮುಗಿಸುತ್ತಿದ್ದಳು. ಮೆಷಿನ್ನು ಹೂವಿನಂತೆ ನಡೆಯಿತು. ಸೇತುರಾಮ ಬಂದವರಿಗೆಲ್ಲ, ‘ಆ ಹುಡುಗಿ ಹೋದ್ಮೇಲೆ ಒಂದು ದಿನ ತೊಂದ್ರೆ ಇಲ್ಲ ನೋಡಿ. ನಮ್ಮ ಮೇಡಂ ಕಣ್ಣಿಗೆ ಬಿದ್ದಿದ್ದಕ್ಕೆ ಆಯ್ತು’ ಅನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ಅವಳು ತಲೆ ತಗ್ಗಿಸಿ ಏನಾದರೂ ಟೈಪು ಮಾಡುತ್ತಿದ್ದಳು.

ಡಿಟಿಪಿಯವರ ಲೋಕ ಬಹಳ ಚಿಕ್ಕದು. ಎಲ್ಲರೂ ಕಾರ್ಡು ಕೊಳ್ಳುವುದು ಒಂದೇ ಕಡೆ, ಅಚ್ಚಿನ ಪ್ಲೇಟು ಮಾಡಿಸುವುದು ಒಂದೇ ಕಡೆ. ಸೇತು ಗ್ರಾಫಿಕ್ಸಿನ ಹುಡುಗಿ ಡಿಸೈನು ಕದ್ದಳಂತೆ ಅನ್ನುವ ಮಾತು ರಾಜಾಜಿನಗರ ದಾಟಿತ್ತು. ಚೇತನಾಗೆ ಎಲ್ಲೂ ಕೆಲಸ ಸಿಗಲಿಲ್ಲ, ತಾಯಿಯ ಜೊತೆ ರೊಟ್ಟಿ ಬಡಿಯುತ್ತಾಳೆ ಅಂತ ಕಾಗದದ ವ್ಯಾಪಾರಿಯೊಬ್ಬ ಹೇಳಿದ. ಆ ಕೈ ರೊಟ್ಟಿ ಬಡಿಯುತ್ತಿದೆ! ರಾಗಿಣಿಗೆ ಒಂದು ಗಳಿಗೆ ಸಂಕಟವಾಯಿತು. ರೊಟ್ಟಿಯನ್ನೂ ಅವಳು ಎಲ್ಲರಿಗಿಂತ ಬೇಗ ಬಡಿಯುತ್ತಿರಬೇಕು ಅನ್ನಿಸಿ, ಸಂಕಟದ ನಡುವೆಯೇ ಮತ್ತೆ ಹೊಟ್ಟೆ ಉರಿಯಿತು. ಅಂಥ ಹೆಂಗಸು ಅವಳು, ಏನು ಹೇಳುವುದು!

ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಅಂಗಡಿಯ ಫೋನು ಬಡಿದುಕೊಂಡಿತು. ಬಸವೇಶ್ವರನಗರದಲ್ಲಿ ಹೊಸದಾಗಿ ಡಿಟಿಪಿ ಅಂಗಡಿ ತೆರೆದ ಚನ್ನವೀರಪ್ಪ ಅನ್ನುವವರು. ಸೇತುರಾಮ ಸ್ವಲ್ಪ ಹೊತ್ತು ‘ಹೌದು, ಹೌದು’ ಅಂದು, ‘ನಮ್ಮ ಮೇಡಂನೇ ಕೇಳಿಬಿಡಿ, ಅದನ್ನ ಕಂಡುಹಿಡಿದಿದ್ದು ಅವರೇ’ ಅಂತ ರಿಸೀವರನ್ನು ರಾಗಿಣಿಯ ಕೈಗೆ ಕೊಟ್ಟರು. ಕೊಟ್ಟು ಅಲ್ಲೇ ನಿಂತರು.

‘ಮೇಡಂ, ಚೇತನಾ ಅಂತ ಹುಡುಗಿ ಕೆಲ್ಸ ಕೇಳ್ಕೊಂಡು ಬಂದಿದಾಳೆ. ಕೈ ನೋಡ್ದೆ, ಭಾಳ ಚಲೋ ಐತಿ. ಆದ್ರೆ ಏನೇನೋ ಕೇಳಿದೆ. ಕಂಪ್ಯೂಟರ್ನಾಗ ಏನೋ ಬಚ್ಚಿಟ್ಟಿದ್ಲಂತೆ. ಅವಳನ್ನೇ ಕೇಳಿದ್ರೆ, ರಾಗಿಣಿ ಅಕ್ಕಾರನ್ನ ಕೇಳ್ರಿ, ಅವ್ರು ಏನ್ ಹೇಳ್ತಾರೋ ಅದಕ್ಕ ನಾ ತಯಾರು ಅಂದ್ಲು. ನಿಮ್ಮ ಮಾತಿನ ಮ್ಯಾಲೆ ಬಿಟ್ಟೀನಿ.’

ಬಸವೇಶ್ವರನಗರ ಏನು ದೂರವೇ? ಹುಡುಗಿ ಅಲ್ಲಿ ಕೂತರೆ ಅರ್ಧ ಗಿರಾಕಿಗಳು ಅಲ್ಲಿಗೆ ನಡೆಯುತ್ತಾರೆ. ‘ಕೆಲ್ಸ ಏನೋ ಬರತ್ತೆ ಸಾರ್, ಆದ್ರೆ...’ ಅಂತ ಒಂದು ಉಸಿರು ಎಳೆದುಕೊಂಡರೆ ಸಾಕಿತ್ತು. ಆ ‘ಆದ್ರೆ’ ನಾಲಗೆಯ ಮೇಲೆ ಬಂದೂ ಆಗಿತ್ತು. ಅವಳೇ ನನ್ನ ಹೆಸರು ಕೊಟ್ಟಳಂತೆ. ಬೇರೆ ಯಾರೂ ಸಿಗಲಿಲ್ಲವೇ ಅವಳಿಗೆ?

‘ಅವಳು ಏನೂ ಬಚ್ಚಿಟ್ಟಿರ್ಲಿಲ್ಲ ಸಾರ್’ ಅಂದಳು ರಾಗಿಣಿ. ‘ಅದು ಕಂಪ್ಯೂಟ್ರೇ ಮಾಡ್ಕೊಳ್ಳೋ ಫೋಲ್ಡರು. ನಮಗೆ ಗೊತ್ತಿರ್ಲಿಲ್ಲ. ಹುಡುಗೀದು ಏನೂ ತಪ್ಪಿಲ್ಲ. ಕೈ... ಕೈ ನನಗಿಂತ ಚೆನ್ನಾಗಿದೆ. ಸೇರಿಸ್ಕೊಳ್ಳಿ.’

ಫೋನಿಟ್ಟಾಗ ಸೇತುರಾಮ ಬಾಯಿ ತೆರೆದುಕೊಂಡೇ ನಿಂತಿದ್ದರು. ‘ಏನ್ರೀ ಇದು? ನಿಮಗೆ ಯಾವಾಗ ಗೊತ್ತಾಯ್ತು?’

‘ನಿನ್ನೆ ಸಾರ್. ಮುತ್ತುರಾಜ ದಾರೀಲಿ ಸಿಕ್ಕಿದ್ದ, ಮಾತಿಗೆ ಮಾತು ಬಂತು.’

ಎಷ್ಟು ಸಲೀಸಾಗಿ ಬಂತು ಆ ‘ನಿನ್ನೆ’! ಸೇತುರಾಮ ಹಣೆ ಚಚ್ಚಿಕೊಂಡರು, ಪಾಪದ ಹುಡುಗಿ ಅಂದರು. ಆಮೇಲೆ ಕಣ್ಣು ತುಂಬಿಕೊಂಡು, ‘ಗೊತ್ತಾದ ಮರುದಿನಾನೇ ಹೇಳಿಬಿಟ್ರಲ್ಲ, ಅದೂ ನನ್ನ ಮುಂದೇನೇ. ಎಷ್ಟು ದೊಡ್ಡ ಮನಸ್ಸು ರೀ ನಿಮ್ದು’ ಅಂದರು. ರಾಗಿಣಿಗೆ ಆ ಹೊಗಳಿಕೆ ಬೇಡವಾಗಿತ್ತು ಅಂದರೆ ಸುಳ್ಳಾಗುತ್ತದೆ. ಬೇಕಾಗಿತ್ತು. ಸೇತುರಾಮ ಅಷ್ಟಕ್ಕೇ ಬಿಡಲಿಲ್ಲ, ಹುಡುಗಿಗೆ ಹೇಳಿಕಳಿಸಿದರು. ಬಂದು ಒಂದು ಸಲ ಮಾತಾಡಿ ಹೋಗು, ನಿನ್ನ ಜಾಗ ನಿನಗೇ ಇದೆ ಅಂತ.

ಮರುದಿನ ಚೇತನಾ ಬಂದಳು. ಸ್ವಲ್ಪ ಬಡವಾಗಿದ್ದಳು. ಸೇತುರಾಮ ಅವಳ ಮುಂದೆ ಎರಡೆರಡು ಸಲ ‘ತಪ್ಪಾಯ್ತಮ್ಮಾ’ ಅಂದು, ಕಾಫಿ ಹೇಳಿ ಬರುತ್ತೇನೆ ಅಂತ ದರ್ಶಿನಿಗೆ ಹೋದರು. ಹೆಂಗಸರಿಬ್ಬರೇ ಉಳಿದರು. ಚೇತನಾ ಸ್ಟೂಲಿನ ಮೇಲೆ ಕೂತು, ರಾಗಿಣಿಯ ಎಡಗೈ ಹಿಡಿದುಕೊಂಡು, ‘ಸಾರ್ ಎಲ್ಲಾ ಹೇಳಿದ್ರು ಅಕ್ಕಾರ. ನೀವು ಅಂದಿಲ್ಲಂದ್ರ ನನ್ನ ಹೆಸರು ಹಂಗ ಕೆಟ್ಟು ಹೋಕ್ಕಿತ್ತು’ ಅಂದಳು. ಆಮೇಲೆ ಮಾನಿಟರಿನ ಕಡೆ ನೋಡಿ, ‘ಅದೇನದು, ನನಗೂ ತೋರಿಸ್ರಿ. ಹೊಸಾ ಕಡೆ ಇದ ತ್ರಾಸ ಬಂದ್ರ ಗೊತ್ತಿರಬೇಕಲ್ರಿ’ ಅಂದಳು.

ಮಾತು ಬೇರೆ ಕಡೆ ಹೊರಳಿದರೆ ಸಾಕು ಅಂತ ರಾಗಿಣಿ ತಕ್ಷಣ ಮೆಷಿನ್ನಿನ ಕಡೆ ತಿರುಗಿದಳು. ಅವಳ ಬಲಗೈ ಮೌಸಿನ ಮೇಲೆ ಕೂತಿತು. ಸ್ಟಾರ್ಟು, ಒಳಗಿನ ಪಟ್ಟಿ, ಅದರೊಳಗಿನ ಪಟ್ಟಿ, ಡಿಸ್ಕ್ ಕ್ಲೀನಪ್, ಡ್ರೈವು, ಮೋರ್ ಆಪ್ಷನ್ಸ್, ಕೆಳಗಿನ ಗುಂಡಿ, ಯೆಸ್. ಒಂದು ಕಡೆಯೂ ನಿಲ್ಲಲಿಲ್ಲ, ಎಲ್ಲೂ ಹುಡುಕಲಿಲ್ಲ. ಕಿಟಕಿ ತೆರೆದುಕೊಳ್ಳುವ ಮುಂಚೆಯೇ ಬಾಣದ ಗುರುತು ಗುಂಡಿ ಇರುವ ಜಾಗಕ್ಕೆ ಹೋಗಿ ಕಾಯುತ್ತಿತ್ತು. ಕಣ್ಣು ಅಭ್ಯಾಸದಂತೆ ಬಾಗಿಲ ಕಡೆಗಿತ್ತು.

ಆಪರೇಟರಿಗೆ ಇನ್ನೊಬ್ಬ ಆಪರೇಟರಿನ ಕೈ ಸುಳ್ಳು ಹೇಳುವುದಿಲ್ಲ. ನಿನ್ನೆ ಮೊನ್ನೆ ಕಲಿತ ಕೈ ಹೇಗೆ ತಡವರಿಸುತ್ತದೆ ಅಂತ ಚೇತನಾಗೆ ಗೊತ್ತಿತ್ತು. ರಾಗಿಣಿ ತಿರುಗಿ ನೋಡಿದಾಗ ಹುಡುಗಿ ಪರದೆ ನೋಡುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದಳು.

‘ಅಕ್ಕಾರ’ ಅಂದಳು ಮೆಲ್ಲಗೆ. ‘ಇದು ನಿಮಗ ಯಾವಾಗ ಗೊತ್ತಾತ್ರಿ?’

ನಿನ್ನೆಯ ಉತ್ತರ ನಾಲಗೆಯ ಮೇಲೇ ಇತ್ತು. ಆ ಕಣ್ಣುಗಳ ಮುಂದೆ ಅದು ಹೊರಗೆ ಬರಲಿಲ್ಲ. ‘ಆಷಾಢದಲ್ಲಿ’ ಅಂದಳು ರಾಗಿಣಿ.

ಚೇತನಾ ಹಿಡಿದಿದ್ದ ಕೈ ಬಿಟ್ಟಳು. ಅಳಲಿಲ್ಲ. ‘ಅವ್ವ ದಿನಾ ನಿಮ್ಮನ್ನ ಬೈತಿದ್ಲರಿ. ನಾನ ಜಗಳಾ ತಗದ್ ಹೇಳ್ತಿದ್ದೆ, ನಮ್ಮ ಅಕ್ಕಾರಿಗೆ ಇನ್ನೂ ಗೊತ್ತಾಗಿಲ್ಲ, ಗೊತ್ತಾದ ದಿನಾನ ತಾವ ಬಂದು ಕರಕೊಂಡ್ ಹೋಗ್ತಾರ ಅಂತ’ ಅಂದಳು.

ಸೇತುರಾಮ ಮೂರು ಲೋಟ ಹಿಡಿದುಕೊಂಡು ಒಳಗೆ ಬಂದರು. ‘ಏನಮ್ಮಾ, ನಾಳೆಯಿಂದ ಬರ್ತೀಯ ತಾನೇ? ಬಾಗಿಲ ಮೆಷಿನ್ ನಿನಗೇ. ಮೇಡಂ ಕೂಡ ಬೇಡ ಅನ್ನಲ್ಲ.’

ರಾಗಿಣಿ ಹುಡುಗಿಯ ಬಾಯನ್ನೇ ನೋಡಿದಳು. ಈಗ ಹೇಳುತ್ತಾಳೆ. ಹೇಳಲಿ. ಅವಳ ಜಾಗದಲ್ಲಿ ತಾನಿದ್ದರೆ ಇಷ್ಟು ಹೊತ್ತಿಗೆ ಬೀದಿಗೆಲ್ಲ ಕೇಳುವ ಹಾಗೆ ಹೇಳಿಯಾಗಿರುತ್ತಿತ್ತು.

‘ಇಲ್ರಿ ಸಾರ್, ಬಸವೇಶ್ವರನಗರದಾಗ ಒಪ್ಪಕೊಂಡೀನ್ರಿ’ ಅಂದಳು ಚೇತನಾ. ‘ಈ ಕುರ್ಚಿ ಅಕ್ಕಾರದ್ದ ಇರ್ಲಿ.’ ಕಾಫಿಯನ್ನು ನಿಂತೇ ಕುಡಿದಳು, ಲೋಟ ತೊಳೆದಿಟ್ಟಳು, ಇಬ್ಬರಿಗೂ ಕೈ ಮುಗಿದು ಚಪ್ಪಲಿ ಮೆಟ್ಟಿಕೊಂಡು ಹೋದಳು.

‘ನೋಡಿದ್ರಾ ಮೇಡಂ, ಇಷ್ಟಾದ್ರೂ ನಿಮ್ಮ ಮೇಲೆ ಎಷ್ಟು ಗೌರವ ಆ ಹುಡುಗೀಗೆ!’ ಅಂದರು ಸೇತುರಾಮ.

‘ಹೌದು ಸಾರ್’ ಅಂದಳು ರಾಗಿಣಿ. ಕುರ್ಚಿ ಅವಳದೇ ಆಗಿತ್ತು, ಸ್ಟೂಲೂ ಅವಳದೇ, ಹೆಸರೂ ಅವಳದೇ. ಹೊಟ್ಟೆಯಲ್ಲಿ ಮಾತ್ರ ಹಿಂದೆಂದೂ ಇಲ್ಲದ ಉರಿ. ಇಷ್ಟು ದಿನ ಆ ಹುಡುಗಿಯ ಕೈ ಕಂಡು ಉರಿಯುತ್ತಿದ್ದಳು, ಅದನ್ನಾದರೂ ಅಭ್ಯಾಸ ಮಾಡಿ ಹಿಡಿಯಬಹುದಿತ್ತು, ಈ ಮನಸ್ಸನ್ನಲ್ಲ. ಬಾಗಿಲಾಚೆ ಬಸ್ ಸ್ಟಾಪಿನ ಕಡೆ ಹೋಗುತ್ತಿದ್ದ ಹುಡುಗಿಯ ಬೆನ್ನು ನೋಡುತ್ತ, ಹಾಳಾದವಳು, ಹೋಗುವಾಗ ಒಂದು ಸಲ ಬಾಯಿ ತುಂಬ ಬೈದಾದರೂ ಹೋಗಬಾರದಿತ್ತೇ ಅಂದುಕೊಂಡಳು.